ಕ್ಯಾಮೆರಾದವರು ಎಲ್ಲಿ ಕುಂತಿದ್ರು?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಶಿಕ್ಷಣದಲ್ಲಿ ದೃಶ್ಯ ಮಾಧ್ಯಮದ ಪಾತ್ರ’. ಕೇಳಿದರೆ ಬಿ.ಎಡ್. ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ ಇದ್ದ ಹಾಗಿದೆ. ಅದಕ್ಕೆ ಉತ್ತರ ಬರೆಯುವ ವಯಸ್ಸು ನನ್ನದಲ್ಲ. ಮೂವತ್ತೈದು ವರ್ಷ ಬೇರೆ ಬೇರೆ ಊರುಗಳಲ್ಲಿ ವಿಜ್ಞಾನ ಶಿಕ್ಷಕನಾಗಿದ್ದು, ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಟಿವಿಯಲ್ಲಿ ಏನು ನೋಡಿದೆ, ನೋಡಿದ್ದನ್ನು ಮತ್ತೆ ನೋಡಿದಾಗ ಏನು ಅನ್ನಿಸಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಅದಕ್ಕೆ ಕಾರಣ ಈ ಶಾಲೆಯ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿರುವ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಶಾಲೆಯೂ ಟಿವಿಯೂ ಈ ಊರಿಗೆ ಒಂದೇ ವರ್ಷ ಬಂದವು. 1975ರ ಜೂನ್‌ನಲ್ಲಿ ಎರಡು ಕೋಣೆಯಲ್ಲಿ ಎಂಟನೇ ತರಗತಿ ಶುರುವಾಯಿತು. ಆಗಸ್ಟ್ 1ರಂದು ಉಪಗ್ರಹದ ಟಿವಿ ಶುರುವಾಯಿತು. ಆಗ ಬೆಂಗಳೂರಿನಲ್ಲೇ ಟಿವಿ ಕೇಂದ್ರ ಇರಲಿಲ್ಲ. ಅಮೆರಿಕದ ನಾಸಾದವರ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಿದರು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಹಿಂದುಳಿದವೆಂದು ಎಲ್ಲರೂ ಬೈಯುವ ನಮ್ಮ ಕಡೆಯ ಜಿಲ್ಲೆಗಳನ್ನೇ: ಗುಲ್ಬರ್ಗಾ, ರಾಯಚೂರು, ಬಿಜಾಪುರ. ಅದೊಂದು ಸಲ ಹಿಂದುಳಿದದ್ದರಿಂದ ನಮಗೆ ಲಾಭವಾಯಿತು.

ಪ್ರಾಥಮಿಕ ಶಾಲೆಯ ಮಾಳಿಗೆಯ ಮೇಲೆ ಹತ್ತು ಅಡಿ ಅಗಲದ ಕೊಡೆಯಂಥ ಆಂಟೆನಾ. ಅದಕ್ಕೆ ಹೊದಿಸಿದ್ದು ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿ. ಆಕಾಶದಲ್ಲಿ 36,000 ಕಿಲೋಮೀಟರ್ ಮೇಲಿಂದ ಬರುವ ಚಿತ್ರವನ್ನು ಕೋಳಿ ಜಾಲರಿ ಹಿಡಿಯುತ್ತದೆ ಎಂದರೆ ನಮ್ಮಪ್ಪ ನಂಬಲಿಲ್ಲ. ನಂಬದೇ ಹೋಗಿ ಮೊದಲ ಸಾಲಿನಲ್ಲಿ ಕುಳಿತರು.

ಬೆಳಿಗ್ಗೆ ಒಂದೂವರೆ ತಾಸು ಸಣ್ಣ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ನಾವು ಹೈಸ್ಕೂಲಿನವರು ಎರಡರಲ್ಲೂ ನುಸುಳುತ್ತಿದ್ದೆವು. ಏನೇನು ತೋರಿಸಿದರು ಎನ್ನುವುದು ಈಗ ಮಸುಕು. ಮಸುಕಾಗದೆ ಉಳಿದದ್ದು ಜನ ನೋಡುತ್ತಿದ್ದ ರೀತಿ. ಯಾರೂ ಸುಮ್ಮನೆ ಕೂರುತ್ತಿರಲಿಲ್ಲ. ಟಿವಿಯಲ್ಲಿ ಒಬ್ಬರು ಪ್ಯಾಂಟು ಹಾಕಿದವರು ಜೋಳಕ್ಕೆ ಇಷ್ಟು ಗೊಬ್ಬರ, ಇಷ್ಟು ನೀರು ಎಂದು ಹೇಳುತ್ತಿದ್ದರೆ, ಹಿಂದಿನಿಂದ ಒಬ್ಬ ಮುದುಕ ಕೂಗಿದ: “ನೀರು ನಿಮ್ಮಪ್ಪ ತರ್ತಾನೇನು?” ಸಭೆಯೆಲ್ಲ ನಕ್ಕಿತು. ಪ್ಯಾಂಟಿನವರು ಪಾಪ, ಹೇಳುತ್ತಲೇ ಇದ್ದರು. ಟಿವಿ ಆರಿದ ಮೇಲೆ ಕಟ್ಟೆಯ ಮೇಲೆ ಇನ್ನೊಂದು ತಾಸು ವಾದ ನಡೆಯುತ್ತಿತ್ತು. ನಾನು ಕಂಡ ಅತ್ಯುತ್ತಮ ಪ್ರೇಕ್ಷಕರು ಅವರೇ ಎಂದು ಈಗಲೂ ಅನ್ನಿಸುತ್ತದೆ. ಅವರು ಟಿವಿಗೆ ಎದುರು ಮಾತಾಡುತ್ತಿದ್ದರು.

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಿಕೊಂಡು ಹೋದರು. ಜಾಲರಿ ಕೊನೆಗೆ ಯಾರದೋ ಕೋಳಿ ಗೂಡಿಗೇ ಸೇರಿತು ಎಂದು ಹೇಳುತ್ತಾರೆ. ನಾನು ನೋಡಿಲ್ಲ, ಆದರೆ ಕೇಳಲು ಚೆನ್ನಾಗಿದೆ.

ಆ ವರ್ಷ ಅಂಥದೇ ಒಂದು ಆಂಟೆನಾವನ್ನು ಇಸ್ರೋದವರು ಕೊಲಂಬೊದ ಒಂದು ಮನೆಗೂ ಹಾಕಿಕೊಟ್ಟಿದ್ದರು. ಆ ಮನೆ ಆರ್ಥರ್ ಸಿ. ಕ್ಲಾರ್ಕ್ ಅವರದು. ವೈಜ್ಞಾನಿಕ ಕತೆ ಬರೆಯುವವರು. ಭೂಮಿ ತಿರುಗುವಷ್ಟೇ ವೇಗದಲ್ಲಿ ಅದರ ಜೊತೆ ತಿರುಗುವ ಉಪಗ್ರಹಗಳನ್ನು ಅಷ್ಟು ಎತ್ತರದಲ್ಲಿ ಇಟ್ಟರೆ, ಮೂರೇ ಮೂರು ಸಾಕು, ಇಡೀ ಜಗತ್ತಿಗೆ ಸಂದೇಶ ಕಳಿಸಬಹುದು ಎಂದು 1945ರಲ್ಲೇ ಲೇಖನ ಬರೆದವರು ಅವರು. ಆಗ ಯಾವ ದೇಶದ ಬಳಿಯೂ ಒಂದು ಉಪಗ್ರಹವೂ ಇರಲಿಲ್ಲ. ಕತೆಗಾರನೊಬ್ಬ ಮೂವತ್ತು ವರ್ಷ ಮುಂಚೆ ಕಾಗದದ ಮೇಲೆ ಲೆಕ್ಕ ಹಾಕಿದ್ದು ನಮ್ಮ ಊರ ಮಾಳಿಗೆಗೆ ಬಂದು ಇಳಿಯಿತು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಗೊತ್ತಾದ ಮೇಲೆ ‘ಕತೆ ಬೇರೆ, ವಿಜ್ಞಾನ ಬೇರೆ’ ಎಂದು ತರಗತಿಯಲ್ಲಿ ಹೇಳುವುದನ್ನು ನಿಲ್ಲಿಸಿದೆ.

ಎಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಊರಿನಲ್ಲಿ ಮನೆ ಮಾಲೀಕರದು ಕಪ್ಪು-ಬಿಳುಪು ಟಿವಿ. ಭಾನುವಾರ ಬಂತೆಂದರೆ ಅವರ ಪಡಸಾಲೆಯಲ್ಲಿ ಹತ್ತು ಹದಿನೈದು ಜನ. ಆಗ ದೂರದರ್ಶನದಲ್ಲಿ ನಾನು ನೋಡಿದ ಎರಡು ಧಾರಾವಾಹಿಗಳು ನನ್ನನ್ನು ಹಿಡಿದುಬಿಟ್ಟವು. ಒಂದು ‘ಸ್ಟಾರ್ ಟ್ರೆಕ್’, ಇನ್ನೊಂದು ಕಾರ್ಲ್ ಸಾಗನ್ ಅವರ ‘ಕಾಸ್ಮೋಸ್’. ಎರಡೂ ಇಂಗ್ಲಿಷ್. ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ.

‘ಕಾಸ್ಮೋಸ್’ 1980ರಲ್ಲಿ ಅಮೆರಿಕದಲ್ಲಿ ಬಂದ ಹದಿಮೂರು ಕಂತುಗಳ ಸಾಕ್ಷ್ಯಚಿತ್ರ. ವಿಶ್ವದ ಇಡೀ ವಯಸ್ಸನ್ನು ಒಂದು ವರ್ಷದ ಕ್ಯಾಲೆಂಡರಿಗೆ ಅಳವಡಿಸುವ ಉಪಾಯ ನಾನು ಕಲಿತದ್ದು ಅಲ್ಲಿ. ಜನವರಿ 1ಕ್ಕೆ ವಿಶ್ವ ಹುಟ್ಟಿದರೆ ಮನುಷ್ಯ ಬರುವುದು ಡಿಸೆಂಬರ್ 31ರ ರಾತ್ರಿ. ಅಶೋಕ, ಪುಲಕೇಶಿ, ಬಸವಣ್ಣ, ನಾವು, ನೀವು, ಈ ಸುವರ್ಣ ಮಹೋತ್ಸವ ಎಲ್ಲ ಕೊನೆಯ ಕೆಲವೇ ಸೆಕೆಂಡುಗಳಲ್ಲಿ. ಪ್ರತಿ ವರ್ಷ ಇದನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ, ಪ್ರತಿ ವರ್ಷ ತರಗತಿ ಒಂದು ನಿಮಿಷ ಸ್ತಬ್ಧವಾಗಿದೆ. ಹತ್ತನೇ ಕಂತಿನಲ್ಲಿ ಸಾಗನ್ ತಮಿಳುನಾಡಿಗೆ ಬರುತ್ತಾರೆ. ಪೊಂಗಲ್ ಹಬ್ಬ, ದಾರಾಸುರದ ದೇವಾಲಯ. ಬ್ರಹ್ಮನ ಒಂದು ಹಗಲು-ರಾತ್ರಿ ಎಂದು ನಮ್ಮ ಪುರಾಣಗಳು ಹೇಳುವ 864 ಕೋಟಿ ವರ್ಷದ ಲೆಕ್ಕವನ್ನು ಗೌರವದಿಂದ ಹೇಳುತ್ತಾರೆ. ಆವತ್ತು ಮನೆ ಮಾಲೀಕರು ನನಗೆ ಎರಡನೇ ಸಲ ಚಹಾ ಕೊಡಿಸಿದರು.

ಅದರಲ್ಲಿ ಒಂದು ಏಡಿಯ ಕತೆ ಇತ್ತು. ಜಪಾನಿನ ಸಮುದ್ರದಲ್ಲಿ ಬೆನ್ನಿನ ಮೇಲೆ ಸಿಟ್ಟಿನ ಯೋಧನ ಮುಖದಂಥ ಗೆರೆಗಳಿರುವ ಏಡಿಗಳಿವೆ. 1185ರ ಯುದ್ಧದಲ್ಲಿ ಮುಳುಗಿ ಸತ್ತ ಹೈಕೆ ವಂಶದ ಯೋಧರೇ ಏಡಿಗಳಾಗಿದ್ದಾರೆ ಎಂಬ ನಂಬಿಕೆಯಿಂದ, ಮೀನುಗಾರರು ಮುಖದ ಹಾಗೆ ಕಾಣುವ ಏಡಿಗಳನ್ನು ತಿನ್ನದೆ ನೀರಿಗೆ ಬಿಟ್ಟರು. ಅವು ಉಳಿದು ಮರಿ ಹಾಕಿದವು. ಹೀಗೆ ನೂರಾರು ವರ್ಷಗಳಲ್ಲಿ ಮುಖ ಇನ್ನಷ್ಟು ಸ್ಪಷ್ಟವಾಯಿತು. ಕೃತಕ ಆಯ್ಕೆಗೆ ಇದಕ್ಕಿಂತ ಚೆಂದದ ಉದಾಹರಣೆ ಎಲ್ಲಿದೆ? ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಪಾಠ ಮಾಡಿದೆ.

ನಿವೃತ್ತನಾದ ಮೇಲೆ ‘ಕಾಸ್ಮೋಸ್’ ಅನ್ನು ಮತ್ತೆ ಮೊದಲಿನಿಂದ ನೋಡಿದೆ. ಈ ಸಲ ಓದಿಕೊಂಡು ನೋಡಿದೆ. ಆ ಏಡಿಗಳು ಅಂಗೈಯ ಮೂಲೆಯಲ್ಲಿ ಕೂರುವಷ್ಟು ಸಣ್ಣವು. ಅವನ್ನು ಯಾರೂ ತಿನ್ನುವುದೇ ಇಲ್ಲ. ಬಲೆಗೆ ಬಿದ್ದರೆ ಮುಖ ಇದ್ದರೂ ಇಲ್ಲದಿದ್ದರೂ ಎಸೆಯುತ್ತಾರೆ. ಆ ಗೆರೆಗಳು ಒಳಗಿನ ಸ್ನಾಯು ಅಂಟಿಕೊಳ್ಳುವ ಜಾಗಗಳು. ಅಂಥ ಗೆರೆಗಳು ಜಪಾನಿನಿಂದ ದೂರದ ಬೇರೆ ಜಾತಿಯ ಏಡಿಗಳಲ್ಲೂ ಇವೆ. ಇದನ್ನು ಜೀವಶಾಸ್ತ್ರದವರು 1990ರ ದಶಕದಲ್ಲೇ ಹೇಳಿದ್ದರು. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ನಾಶವನ್ನೂ ಹೈಪೇಷಿಯಾಳ ಕೊಲೆಯನ್ನೂ ಅದರಲ್ಲಿ ಜೋಡಿಸಿ ಹೇಳುವ ರೀತಿಗೂ ಇತಿಹಾಸಕಾರರ ತಕರಾರಿದೆ.

ಇಲ್ಲಿ ನನ್ನ ಕೆಲವು ಶಿಷ್ಯರೂ ಬಂದಿದ್ದೀರಿ. ಏಡಿಯ ಪಾಠವನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕ ಅಂಕ ನಿಮಗೇ ಇರಲಿ.

ಹಾಗೆಂದು ‘ಕಾಸ್ಮೋಸ್’ ನನಗೆ ಕಡಿಮೆಯಾಯಿತೇ? ಇಲ್ಲ. ಅದರಲ್ಲಿ ಸಾಗನ್ ಗಾಳಿಯಲ್ಲಿ ತೇಲುವ ಹೂವಿನ ಬೀಜದಂಥ ಒಂದು ನೌಕೆಯಲ್ಲಿ ಕುಳಿತು ನಕ್ಷತ್ರಗಳ ನಡುವೆ ಹೋಗುತ್ತಾರೆ. ಇದು ಕಲ್ಪನೆಯ ನೌಕೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹೇಳಿದ ಮೇಲೆ ಅದರಲ್ಲಿ ಯಾರಿಗೂ ಮೋಸವಿಲ್ಲ. ನಾನು ಮೋಸ ಹೋದದ್ದು ನೌಕೆಯಲ್ಲಲ್ಲ, ಏಡಿಯಲ್ಲಿ. ಗಂಭೀರ ಧ್ವನಿ, ಹಿಂದೆ ಸಂಗೀತ, ನಿಜವಾದ ಸಮುದ್ರ, ನಿಜವಾದ ಏಡಿ. ಕೇಳಬೇಕು ಅಂತ ಅನ್ನಿಸಲೇ ಇಲ್ಲ.

ಈಗ ಆ ಹುಡುಗಿಯ ವಿಷಯ.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಈ ಶಾಲೆಗೆ ದೊಡ್ಡ ಸ್ಮಾರ್ಟ್ ಟಿವಿ ಕೊಟ್ಟರು. ಒಂದು ಶನಿವಾರ ಮುಖ್ಯೋಪಾಧ್ಯಾಯರು ನನ್ನನ್ನು ಕರೆದರು. ಕರಡಿಗಳ ಮೇಲಿನ ಒಂದು ಸಾಕ್ಷ್ಯಚಿತ್ರ ತೋರಿಸಿದೆ. ನಮ್ಮ ಗುಡ್ಡದಲ್ಲೂ ಕರಡಿಗಳಿವೆಯಲ್ಲ, ಮಕ್ಕಳಿಗೆ ಹಿಡಿಸುತ್ತದೆ ಎಂದುಕೊಂಡೆ. ಗವಿಯೊಳಗೆ ತಾಯಿ, ಕಣ್ಣು ಬಿಡದ ಮರಿಗಳು, ಕತ್ತಲಲ್ಲಿ ಮರಿ ಹಾಲು ಕುಡಿಯುವ ಸದ್ದು. ಮುಗಿದ ಮೇಲೆ ‘ಏನಾದರೂ ಪ್ರಶ್ನೆ?’ ಎಂದು ರೂಢಿಯಂತೆ ಕೇಳಿದೆ. ಒಂಬತ್ತನೇ ತರಗತಿಯ ಒಬ್ಬಳು ಎದ್ದು ನಿಂತಳು: “ಸರ್, ಕರಡಿ ಗವಿಯಾಗ ಮರಿ ಹಾಕಿದಾಗ ಕ್ಯಾಮೆರಾದವರು ಎಲ್ಲಿ ಕುಂತಿದ್ರು?”

ನನಗೆ ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ಮನೆಗೆ ಹೋಗಿ ಹುಡುಕಿದರೆ, ಬ್ರಿಟನ್ನಿನಲ್ಲಿ ಇದೇ ಪ್ರಶ್ನೆಗೆ ದೊಡ್ಡ ಗದ್ದಲವೇ ಆಗಿತ್ತು. 2011ರಲ್ಲಿ ಬಿಬಿಸಿಯ ‘ಫ್ರೋಝನ್ ಪ್ಲಾನೆಟ್’ ಸರಣಿಯಲ್ಲಿ ಹಿಮಕರಡಿ ಮರಿ ಹಾಕುವ ದೃಶ್ಯವಿತ್ತು. ಹೊರಗಿನ ಹಿಮ ನಿಜವಾದ ಧ್ರುವ ಪ್ರದೇಶದ್ದು. ಗವಿಯೊಳಗಿನ ತಾಯಿ-ಮರಿ ಮಾತ್ರ ನೆದರ್‌ಲ್ಯಾಂಡ್ಸಿನ ಒಂದು ಪ್ರಾಣಿಸಂಗ್ರಹಾಲಯದವು. ಅದನ್ನು ಬಿಬಿಸಿ ತನ್ನ ಜಾಲತಾಣದಲ್ಲಿ ಹೇಳಿತ್ತು, ಟಿವಿಯಲ್ಲಿ ಹೇಳಿರಲಿಲ್ಲ. ಡೇವಿಡ್ ಅಟೆನ್‌ಬರೋ ಅವರಂಥ ಹಿರಿಯರು ಅದನ್ನು ಸಮರ್ಥಿಸಿಕೊಂಡರು. ಕಾಡಿನ ಗವಿಯೊಳಗೆ ಕ್ಯಾಮೆರಾ ಇಡಲು ಹೋದರೆ ಮರಿಗಳಿಗೂ ಅಪಾಯ, ಇಡುವವನಿಗೂ ಅಪಾಯ ಎನ್ನುವುದು ನಿಜವೇ. ಆದರೂ ಒಂದು ಸಾಲು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಇನ್ನು ಸದ್ದಿನ ವಿಷಯ. ದೂರದ ಮಸೂರದಿಂದ ಹಿಡಿದ ಪ್ರಾಣಿಯ ಹೆಜ್ಜೆ ಸದ್ದನ್ನು ಎಷ್ಟೋ ಸಲ ಸ್ಟುಡಿಯೋದಲ್ಲಿ ಬೇರೆ ವಸ್ತುಗಳಿಂದ ಮಾಡಿ ಸೇರಿಸುತ್ತಾರೆ.

ಇವೆಲ್ಲ ಸಣ್ಣವು. ದೊಡ್ಡದೊಂದಿದೆ. ಹಿಮಪ್ರದೇಶದ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಬಂಡೆಯಿಂದ ನೀರಿಗೆ ಹಾರಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ನೀವು ಕೇಳಿರಬಹುದು. ಆ ನಂಬಿಕೆ ಹಳೆಯದು. ಜಗತ್ತಿನ ಕಣ್ಣಿಗೆ ಅದನ್ನು ನಿಜವೆಂದು ಕಾಣಿಸಿದ್ದು 1958ರ ಡಿಸ್ನಿ ಸಾಕ್ಷ್ಯಚಿತ್ರ ‘ವೈಟ್ ವೈಲ್ಡರ್‌ನೆಸ್’. ಅದಕ್ಕೆ ಆಸ್ಕರ್ ಬಂತು. 1982ರಲ್ಲಿ ಕೆನಡಾದ ಟಿವಿಯವರು ಬಯಲಿಗೆಳೆದರು: ಆ ಪ್ರಾಣಿಗಳೇ ಇಲ್ಲದ ಜಾಗಕ್ಕೆ ಅವನ್ನು ಕೊಂಡು ತಂದು, ಬಂಡೆಯಿಂದ ತಳ್ಳಿ ಚಿತ್ರ ತೆಗೆದಿದ್ದರು. ಪ್ರಾಣಿಗಳು ಹಾರಿರಲಿಲ್ಲ.

ಮುಂದಿನ ಶನಿವಾರ ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಆಕೆ ಒಂದೇ ಮಾತು ಅಂದಳು: “ಹಂಗಾದ್ರ ನಾವು ನೋಡಿದ ಕರಡಿ?” ಆ ಚಿತ್ರದವರು ಅದನ್ನು ಎಲ್ಲೂ ಹೇಳಿಲ್ಲಮ್ಮಾ ಅಂದೆ. “ಹಂಗಾದ್ರ ಅರ್ಧ ನಂಬೂಣು” ಅಂದಳು. ಬಿ.ಎಡ್.ನಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಅದೇ ತರಗತಿಯಲ್ಲಿ ಕೊನೆಯ ಬೆಂಚಿನ ಒಬ್ಬ ಹುಡುಗ ಮಾತಾಡದೆ ಕುಳಿತಿದ್ದ. ಗೆಳೆಯರೇ ಹೇಳಿದರು, ಎರಡು ವರ್ಷದ ಹಿಂದೆ ಅವನ ಕಾಕನನ್ನು ಶೇಂಗಾ ಹೊಲದಲ್ಲಿ ಕರಡಿ ಕೆಡವಿತ್ತು. ಒಂದು ಕಣ್ಣು ಹೋಗಿದೆ. ಊರಿನವರಿಗೆಲ್ಲ ಗೊತ್ತು. ನಾನು ಚೆಂದದ ಮರಿಗಳನ್ನು ತೋರಿಸಿ ಆ ಹುಡುಗನ ಎದುರು ‘ಎಷ್ಟು ಮುದ್ದಾಗಿವೆ ನೋಡಿ’ ಎಂದಿದ್ದೆ.

ಅವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ಸಾಕ್ಷ್ಯಚಿತ್ರವಲ್ಲ, ‘ಸ್ಟಾರ್ ಟ್ರೆಕ್’.

1966ರಿಂದ 69ರವರೆಗೆ ಅಮೆರಿಕದಲ್ಲಿ ಬಂದ ಧಾರಾವಾಹಿ ಅದು, 79 ಕಂತು. ಈಚೆಗೆ ಹುಬ್ಬಳ್ಳಿಯಲ್ಲಿ ಮೊಮ್ಮಗಳ ಜೊತೆ ಮತ್ತೆ ನೋಡಿದೆ. ಅವಳು ಬಿದ್ದು ಬಿದ್ದು ನಕ್ಕಳು. ಬಂಡೆಗಳು ರಟ್ಟಿನವು ಎಂದು ಕಾಣುತ್ತದೆ. ಗಾಳಿಯೇ ಇಲ್ಲದ ಕಡೆ ನೌಕೆ ಸುಂಯ್ ಎಂದು ಸದ್ದು ಮಾಡಿಕೊಂಡು ಹೋಗುತ್ತದೆ. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷರಾಗುವ ಆ ಪ್ರಸಿದ್ಧ ಉಪಾಯ ಹುಟ್ಟಿದ್ದು ವಿಜ್ಞಾನದಿಂದಲ್ಲ. ಪ್ರತಿ ಕಂತಿನಲ್ಲಿ ನೌಕೆ ಇಳಿಯುವುದನ್ನು ತೋರಿಸಲು ದುಡ್ಡು ಸಾಲದೆ ಹುಟ್ಟಿದ್ದು. ಹೆಣ್ಣುಮಕ್ಕಳ ಉಡುಪು ನೋಡಿದರೆ ನನಗೇ ಮುಜುಗರ. ಉಹುರಾ ಎಂಬ ಕಪ್ಪು ಅಧಿಕಾರಿಣಿಗೆ ಎಷ್ಟೋ ಕಂತುಗಳಲ್ಲಿ ಕರೆ ಬಂದಿದೆ ಎಂದು ಹೇಳುವುದಷ್ಟೇ ಕೆಲಸ. ಆದರೂ ಆ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಬಿಡಬೇಕೆಂದಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಅವರೇ ಬಿಡಬೇಡಿ ಎಂದು ತಡೆದರು. ಮುಂದೆ ಆಕೆ ನಾಸಾಕ್ಕೆ ಹೆಣ್ಣುಮಕ್ಕಳನ್ನು ಸೇರಿಸುವ ಕೆಲಸ ಮಾಡಿದರು. ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದರು. ಕಪ್ಪು ಮಹಿಳೆಯರಲ್ಲಿ ಅವರೇ ಮೊದಲಿಗರು.

ನಾನು ಹೇಳಹೊರಟದ್ದು 1967ರ ಒಂದು ಕಂತು. ಅದರಲ್ಲಿ ಒಂದು ಗಣಿ ಇದೆ. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ಬಂದವರು ಇಲ್ಲಿ ಹತ್ತಾರು ಜನ ಇದ್ದೀರಿ, ನಿಮಗೆ ಬೇಗ ಹಿಡಿಯುತ್ತದೆ. ದೂರದ ಗ್ರಹವೊಂದರಲ್ಲಿ ಆಳಕ್ಕೆ ಸುರಂಗ ಕೊರೆದಿದ್ದಾರೆ. ಏನೋ ಒಂದು ಪ್ರಾಣಿ ಕಲ್ಲಿನೊಳಗಿಂದ ಬಂದು ಕಾರ್ಮಿಕರನ್ನು ಸುಡುತ್ತಿದೆ. ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಉಳಿದವರು ಕೊಂದೇ ತೀರುತ್ತೇವೆ ಎಂದು ಕೂತಿದ್ದಾರೆ. ಗಣಿಯ ಮುಖ್ಯಸ್ಥನ ಮೇಜಿನ ಮೇಲೆ ಒಂದು ದುಂಡನೆ ಕಲ್ಲು ಇದೆ. ಅಂಥವು ಕೆಳಗೆ ಸಾವಿರಾರು ಸಿಕ್ಕಿವೆ, ಬೆಲೆಯಿಲ್ಲದವು, ಎಷ್ಟನ್ನೋ ಒಡೆದು ಹಾಕಿದ್ದಾರೆ. ಕಿವಿ ಚೂಪಾದ ಸ್ಪಾಕ್ ಎಂಬವನು ಇನ್ನೊಂದು ಜೀವದ ಮನಸ್ಸನ್ನು ಮುಟ್ಟಿ ತಿಳಿಯಬಲ್ಲವನು. ಗಾಯಗೊಂಡ ಪ್ರಾಣಿಯನ್ನು ಅವನು ಮುಟ್ಟುತ್ತಾನೆ. ಅದು ತಾಯಿ. ಆ ದುಂಡನೆ ಕಲ್ಲುಗಳು ಅದರ ಮೊಟ್ಟೆಗಳು. ಕೊನೆಗೆ ವೈದ್ಯ ಆ ಕಲ್ಲು ಮೈಯ ಗಾಯಕ್ಕೆ ಗೌಂಡಿಯ ಹಾಗೆ ಕಾಂಕ್ರೀಟು ಮೆತ್ತುತ್ತಾನೆ. ಮರಿಗಳು ಹೊರಬಂದು ಸುರಂಗ ಕೊರೆಯುತ್ತವೆ, ಕಾರ್ಮಿಕರು ಹಿಂದೆ ಹೋಗಿ ಅದಿರು ತೆಗೆಯುತ್ತಾರೆ.

ಆ ಪ್ರಾಣಿ ಎಂದರೆ, ನಿಜ ಹೇಳಬೇಕೆಂದರೆ, ರಗ್ಗು ಹೊದ್ದು ನೆಲದ ಮೇಲೆ ತೆವಳುವ ಒಬ್ಬ ನಟ. ಮೊಮ್ಮಗಳು ಅದಕ್ಕೂ ನಕ್ಕಳು. ಮೊಟ್ಟೆಯ ವಿಷಯ ಗೊತ್ತಾದಾಗ ನಗು ನಿಂತಿತು.

ಮೂರನೇ ಶನಿವಾರ ಇದನ್ನು ಮಕ್ಕಳಿಗೆ ತೋರಿಸಿದೆ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತ. ಮೊಟ್ಟೆಯ ಗುಟ್ಟು ಬಿಚ್ಚುವ ಮೊದಲು ನಿಲ್ಲಿಸಿ, ಕೊಲ್ಲಬೇಕೋ ಬೇಡವೋ ಕೈ ಎತ್ತಿ ಎಂದೆ. ಮುಕ್ಕಾಲು ಪಾಲು ಕೊಲ್ಲಬೇಕು ಎಂದರು. ಆ ಹುಡುಗನೂ ಎತ್ತಿದ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಎದ್ದ: “ಸರ್, ಅಲ್ಲಿ ಕಿವಿ ಚೂಪ ಇರೋನು ಇದ್ದ. ನಮ್ಮ ಗುಡ್ಡದಾಗ ಯಾರದಾರ?”

ಕತೆಯ ದೋಷವನ್ನು ಅವನು ಸರಿಯಾಗಿ ಹಿಡಿದ. ಸ್ಪಾಕ್ ಇಲ್ಲದ ಕಡೆ ಆ ಕತೆ ಮುಗಿಯುವುದಿಲ್ಲ. ನಾನು ಒಪ್ಪಿಕೊಂಡೆ. ಕರಡಿಯ ಮನಸ್ಸು ಮುಟ್ಟುವವರು ಇಲ್ಲ, ಆದರೆ ಅದು ಯಾವಾಗ ಬಂತು, ಎಲ್ಲಿಂದ ಬಂತು ಎಂದು ಬರೆದಿಡಲು ನಮಗೆ ಬರುತ್ತದೆ ಎಂದೆ. ಅವನು ಬೇಗ ಒಪ್ಪಲಿಲ್ಲ. ಎರಡು ವಾರದ ನಂತರ ಅವನೂ ಆ ಹುಡುಗಿಯೂ ಇನ್ನೂ ಆರು ಮಕ್ಕಳೂ ಸೇರಿ ಡ್ರಾಯಿಂಗ್ ಹಾಳೆಯ ಮೇಲೆ ಊರ ನಕ್ಷೆ ಬರೆದರು. ಮನೆ ಮನೆಗೆ ಹೋಗಿ ಕರಡಿ ಕಂಡವರನ್ನೆಲ್ಲ ಕೇಳಿದರು. ಯಾವ ತಿಂಗಳು, ಯಾವ ಹೊತ್ತು, ಯಾರ ಹೊಲ. ಹಿರಿಯರು ಹೇಳುವ ಹಳೆಯ ಗವಿಗಳು ಎಲ್ಲಿದ್ದವು, ಅವುಗಳಲ್ಲಿ ಈಗ ಎಷ್ಟು ಉಳಿದಿವೆ. ಗುಡ್ಡದ ಮೂಡಣ ಮಗ್ಗುಲಲ್ಲಿ ಕಲ್ಲು ಕ್ವಾರಿ ಬಂದದ್ದು ಯಾವಾಗ. ಆ ಕಾಕ ಕ್ವಾರಿಯಲ್ಲೇ ಕೂಲಿ ಮಾಡಿದವನು, ಅವನೇ ಕುಳಿತು ಸಿಡಿಮದ್ದು ಹಾಕಿದ ಜಾಗಗಳನ್ನು ಗುರುತು ಮಾಡಿಸಿದ.

ಆ ನಕ್ಷೆ ಏನು ಹೇಳುತ್ತದೆ ಎಂದು ನಾನು ಇಲ್ಲಿ ಹೇಳುವುದಿಲ್ಲ. ಕ್ವಾರಿಯಿಂದ ಊಟ ಮಾಡುವವರೂ ಇಲ್ಲಿದ್ದೀರಿ, ಕರಡಿಯಿಂದ ಬೆಳೆ ಕಳೆದುಕೊಂಡವರೂ ಇದ್ದೀರಿ. ತೀರ್ಪು ಕೊಡಲು ನಾನು ಬಂದಿಲ್ಲ. ಕ್ವಾರಿ ಬರುವ ಮೊದಲು ಕರಡಿ ಕಂಡದ್ದನ್ನು ಜನ ಮರೆತಿರಬಹುದು, ಕಾಕನಿಗಾದ ಗಾಯದ ಮೇಲೆ ಪ್ರತಿ ಕಪ್ಪು ನೆರಳೂ ಕರಡಿಯಾಗಿ ಕಂಡಿರಬಹುದು. ಮಕ್ಕಳ ನಕ್ಷೆಯನ್ನೂ ಅರ್ಧ ನಂಬುವುದೇ ಸರಿ ಎಂದು ಅವರಿಗೇ ಹೇಳಿದ್ದೇನೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ, ಊಟಕ್ಕೆ ಹೊತ್ತಾಗುತ್ತಿದೆ. ತೊಂಬತ್ತರ ದಶಕದ ಮೊದಲಿಗೆ ದೂರದರ್ಶನದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮ ಬರುತ್ತಿತ್ತು. ನಮ್ಮ ಗಿರೀಶ ಕಾರ್ನಾಡರು ನಡೆಸಿಕೊಡುತ್ತಿದ್ದರು. ಅದರಲ್ಲಿ ಪ್ರೊ. ಯಶಪಾಲರು ಜನರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ನಮ್ಮ ಊರಿಗೆ ಆ ಕೋಳಿ ಜಾಲರಿಯ ಟಿವಿ ಬಂದಾಗ ಅಹಮದಾಬಾದಿನ ಇಸ್ರೋ ಕೇಂದ್ರದ ನಿರ್ದೇಶಕರಾಗಿದ್ದವರು ಅವರೇ. ನನ್ನ ತರಗತಿಯ ಮಕ್ಕಳ ಹದಿನೇಳು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಅವರಿಗೆ ಕಳಿಸಬೇಕೆಂದಿದ್ದೆ. ಪರೀಕ್ಷೆ ಬಂತು, ಜನಗಣತಿ ಬಂತು, ಚುನಾವಣೆ ಕೆಲಸ ಬಂತು. ಕಳಿಸಲಿಲ್ಲ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಆ ಸ್ಮಾರ್ಟ್ ಟಿವಿಯ ಕೋಣೆಯ ಬೀಗದ ಕೈ ಈಗ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿರುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಚಿಂತೆ ಅವರಿಗೂ ಇದೆ, ನನಗೂ ಇತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ. ತಿಂಗಳಿಗೆ ಒಂದು ಶನಿವಾರ, ಮಧ್ಯಾಹ್ನ ಎರಡು ತಾಸು, ಆ ಕೈಯನ್ನು ನನಗೆ ಕೊಡಲು ಅವರು ನಿನ್ನೆ ಒಪ್ಪಿದ್ದಾರೆ. ಬರುವ ತಿಂಗಳ ಮೊದಲ ಶನಿವಾರ ಮಕ್ಕಳು ತಮ್ಮ ನಕ್ಷೆಯನ್ನು ಅದೇ ಟಿವಿಯ ಮೇಲೆ ತೋರಿಸುತ್ತಾರೆ. ಊರಿನವರು ಯಾರು ಬೇಕಾದರೂ ಬರಬಹುದು. ಬೆಂಚು ಸಾಲದಿದ್ದರೆ ಚಾಪೆ ತನ್ನಿ.